ಎರಡು ಅಡುಗೆಮನೆಗಳ ನಡುವಿನ ಬಾಗಿಲು

ನಮ್ಮೂರಿನಲ್ಲಿ ಯಾರೂ ದಾಟದ ಬಾಗಿಲು ಮುಚ್ಚಿಕೊಂಡುಬಿಡುತ್ತದೆ. ಕದ ಹಾಕಿಕೊಳ್ಳುವ ಮಾತಲ್ಲ. ಎರಡೂ ಬದಿಯ ಕಲ್ಲು ಒಳಕ್ಕೆ ಬೆಳೆಯುತ್ತ ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಕಡೆಗೆ ಅಲ್ಲೊಂದು ಬಾಗಿಲಿತ್ತು ಎನ್ನುವುದಕ್ಕೆ ಗೋಡೆಯ ಮೇಲೆ ಗುರುತೂ ಉಳಿಯುವುದಿಲ್ಲ. ಆದ್ದರಿಂದ ಮನೆಯೊಳಗೆ ಮರದ ಚೌಕಟ್ಟು ಇಡಿಸುವವರು ಕಡಿಮೆ, ಎಲ್ಲ ಪರದೆಗಳೇ. ಯಾರಾದರೂ ಪರವೂರಿಗೆ ಹೊರಟರೆ ನೆರೆಯವರ ಕೈಗೆ ಕೀಲಿ ಕೊಟ್ಟು, ದಿನಕ್ಕೊಮ್ಮೆ ಎಲ್ಲ ಬಾಗಿಲೂ ದಾಟಿ ಬರ್ರಿ ಎಂದು ಹೇಳಿ ಹೋಗುತ್ತಾರೆ. ಹೆಣ್ಣು ಕೇಳಲು ಬಂದವರು ಉಪ್ಪಿಟ್ಟು ತಿನ್ನುತ್ತಲೇ ಆ ಮನೆಯ ಒಳಬಾಗಿಲುಗಳು ಎಷ್ಟು ಅಗಲ ಇವೆ ಎಂದು ಕಣ್ಣಳತೆಯಲ್ಲಿ ನೋಡಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ಕಾವಲುಗಾರರಿಗೆ ಬೇಸಗೆ ರಜೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಯುವುದೇ ಕೆಲಸ. ಒಂದು ವರ್ಷ ಅವರು ಮುಷ್ಕರ ಹೂಡಿದಾಗ ಸಂಖ್ಯಾಶಾಸ್ತ್ರ ವಿಭಾಗ ಪೂರ್ತಿ ಮುಚ್ಚಿಹೋಗಿ, ಕಲ್ಲುಕುಟಿಗರನ್ನು ಕರೆಸಿ ಕಡಿಸಬೇಕಾಯಿತು. ಕಡಿಸಿದ ಬಾಗಿಲು ಮೊದಲಿನಂತೆ ಆಗುವುದಿಲ್ಲ. ಅಂಚು ಒರಟಾಗಿರುತ್ತದೆ, ಚಳಿಗಾಲದಲ್ಲಿ ನೀರು ಜಿನುಗುತ್ತದೆ. ಈಗಲೂ ಆ ವಿಭಾಗದವರು ಒಳಗೆ ಹೋಗುವಾಗ ಮೈ ಹಿಡಿ ಮಾಡಿಕೊಂಡೇ ಹೋಗುತ್ತಾರೆ.

ನಾನು ಅದೇ ವಿಶ್ವವಿದ್ಯಾಲಯದ ಶಿಲಾವಿಭಾಗದಲ್ಲಿ ಪಾಠ ಹೇಳುತ್ತೇನೆ. ಹೆಸರು ನೀಲಾಂಬಿಕಾ. ನಮ್ಮ ವಿಭಾಗ ದೊಡ್ಡದಲ್ಲ, ಆದರೆ ಕಲ್ಲು, ಸುಣ್ಣ, ಗಾರೆಯ ವಿಷಯದಲ್ಲಿ ನಮಗೆ ಗೊತ್ತಿರುವಷ್ಟು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮುಖ್ಯಸ್ಥರಾದ ಗುರುಪಾದ ಹಂಚಿನಾಳ ಸರ್. ಅವರು ಹುಡುಗರಿದ್ದಾಗಿನಿಂದ ಗೋಡೆಗಳನ್ನು ಅಳೆಯುತ್ತ ಬಂದವರು. ಅವರು ಬರೆದದ್ದನ್ನು ಓದಿ ಯುರೋಪಿನ ಕೆಲವು ವಿಶ್ವವಿದ್ಯಾಲಯಗಳು ನಮ್ಮನ್ನು ಹುಡುಕಿಕೊಂಡು ಬಂದವು. ಅಲ್ಲಿ ಹಳೆಯ ಸೇತುವೆ, ಇಗರ್ಜಿ, ಬಂದರಿನ ಕಟ್ಟೆಗಳೆಲ್ಲ ಬಿರುಕು ಬಿಡುತ್ತಿದ್ದವು. ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಲ್ಲು ಜಗತ್ತಿನಲ್ಲಿ ಇದ್ದರೆ ಅದರ ಗುಟ್ಟು ತಿಳಿಯಬೇಕು ಎಂದು ಹಲವು ದೇಶಗಳವರು ಕೂಡಿ ಒಂದು ಯೋಜನೆ ಹಾಕಿಕೊಂಡಿದ್ದರು.

ಮೊದಲು ಅವರು ಕೇಳಿದ್ದು ಕಲ್ಲಿನ ತುಂಡುಗಳನ್ನು ಮಾತ್ರ. ಸರ್ ಕಳಿಸಿಕೊಟ್ಟರು. ಜೊತೆಗೆ, ನಾವು ಕಲ್ಲುಗಣಿ ಅಲ್ಲ, ನಮ್ಮವೂ ಪ್ರಶ್ನೆಗಳಿವೆ, ಸೇರಿಸಿಕೊಂಡರೆ ಸರಿಸಮನಾಗಿ ಸೇರಿಸಿಕೊಳ್ಳಿ ಎಂದೂ ಹೇಳಿದರು. ಅಲ್ಲಿಂದ ಬಹಳ ದಿನ ಸುದ್ದಿಯಿರಲಿಲ್ಲ. ನಮ್ಮ ಕಲ್ಲು ಅವರ ಪ್ರಯೋಗಶಾಲೆಗಳಲ್ಲಿ ಸುಮ್ಮನೆ ಕೂತಿತ್ತಂತೆ. ಗೀರಿದರೆ ಗೀರು ಹಾಗೇ ಉಳಿಯುತ್ತಿತ್ತು, ಸೀಳಿದರೆ ಸೀಳಿಯೇ ಇರುತ್ತಿತ್ತು. ಆಗ ಅವರಿಗೆ ಕಲ್ಲೊಂದರಿಂದ ಏನೂ ಆಗುವುದಿಲ್ಲ, ಅದು ಇರುವ ಊರು, ಅದರ ಸುತ್ತ ಓಡಾಡುವ ಜನ ಎಲ್ಲವನ್ನೂ ನೋಡಬೇಕು ಎಂದು ಅನ್ನಿಸಿತು. ಹೀಗೆ ನಾವು ಯೋಜನೆಯ ಪಾಲುದಾರರಾದೆವು. ಮನೆಗಳಲ್ಲಿ ನಡೆಯುವ ಅಧ್ಯಯನದ ಭಾಗವನ್ನು ಮುನ್ನಡೆಸುವ ಹೊಣೆಯೂ ನಮಗೇ ಬಂತು. ಆ ಸುದ್ದಿ ಬಂದ ದಿನ ಕುಲಪತಿಗಳು ಪೇಡೆ ಹಂಚಿದರು. ಸರ್ ಒಂದು ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡು, ತಿನ್ನಲು ಮರೆತು, ಕಿಟಕಿಯ ಹತ್ತಿರ ನಿಂತಿದ್ದರು.

ಅಧ್ಯಯನಕ್ಕೆ ಬೇಕಾದದ್ದು ಮುಚ್ಚಿಕೊಳ್ಳುತ್ತಿರುವ ಒಂದು ಬಾಗಿಲು. ಸಿಗುವುದು ಕಷ್ಟವಾಯಿತು. ನಮ್ಮಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿದೆ ಎಂದರೆ ಆ ಮನೆಯಲ್ಲಿ ಏನೋ ಮುರಿದಿದೆ ಎಂದು ಅರ್ಥ, ಜನ ಅದರ ಮುಂದೆ ಕಪಾಟು ಇಟ್ಟು ಮರೆಸುತ್ತಾರೆ. ಕೊನೆಗೆ ಗೊತ್ತಾದದ್ದು ಚಂಪಕ್ಕನ ಮನೆ.

ಚಂಪಕ್ಕ ರವಿಕೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ತವರುಮನೆಯ ಅರ್ಧ ಭಾಗದಲ್ಲಿ ಬಂದು ಇದ್ದಳು. ಇನ್ನರ್ಧದಲ್ಲಿ ಅವಳ ತಂಗಿ ಇಂದುಮತಿ. ಅವಳು ಮದುವೆಯಾಗಿರಲಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಅವಳು ಸಿಸ್ಟರ್. ಎರಡೂ ಭಾಗಕ್ಕೆ ಬೇರೆ ಬೇರೆ ಬೀದಿಬಾಗಿಲಿದ್ದರೂ ಅಡುಗೆಮನೆಗಳ ನಡುವೆ ಒಂದು ಬಾಗಿಲಿತ್ತು; ಅಕ್ಕತಂಗಿಯರ ಸಂಸಾರವೆಲ್ಲ ಅದರ ಮೂಲಕವೇ ನಡೆಯುತ್ತಿತ್ತು. ತಾಯಿ ಕಾಯಿಲೆ ಬಿದ್ದಾಗ ಇಂದುಮತಿ ಆಸ್ಪತ್ರೆಗೆ ಸೇರಿಸೋಣ ಎಂದಳು. ತಾಯಿ ಒಲ್ಲೆ ಎಂದಳು, ಚಂಪಕ್ಕ ತಾಯಿಯ ಮಾತು ನಡೆಸಿದಳು. ಇಂದುಮತಿ ವಾರ್ಡಿನಲ್ಲಿ ಯಾರದೋ ತಾಯಿಗೆ ಸಲೈನ್ ಹಾಕುತ್ತಿದ್ದ ಹೊತ್ತಿನಲ್ಲಿ ಇಲ್ಲಿ ತನ್ನ ತಾಯಿ ಹೋದಳು. ಮಣ್ಣು ಮುಗಿಸಿ ಬಂದ ಮೇಲೆ ಅಕ್ಕತಂಗಿಯರು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಓಣಿಯವರು ಹೇಳುತ್ತಿದ್ದರು. ಇಬ್ಬರೂ ಆ ಬಾಗಿಲು ದಾಟುವುದನ್ನು ಬಿಟ್ಟರು, ಅಷ್ಟೇ.

ನಾವು ಮೊದಲ ಸಲ ಹೋದಾಗ ಬಾಗಿಲು ಇನ್ನೂ ಒಬ್ಬರು ಓರೆಯಾಗಿ ನುಸುಳುವಷ್ಟಿತ್ತು. ಸರ್ ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು ಒಪ್ಪಿಸಿದರು. ಕಲ್ಲಿನ ಅಂಚುಗಳಲ್ಲಿ ಹಿತ್ತಾಳೆಯ ಮೊಳೆಗಳನ್ನು ಕೂರಿಸಿದೆವು; ಅವುಗಳ ನಡುವಿನ ಅಂತರ ಎಷ್ಟು ಕಡಿಮೆಯಾಯಿತು ಎಂದು ನಾನು ವಾರವಾರ ಅಳೆಯಬೇಕು. ಯೋಜನೆಯ ನಿಯಮ ಕಟ್ಟುನಿಟ್ಟು: ನೋಡಬೇಕು, ನಡುವೆ ಬಾಯಿ ಹಾಕಬಾರದು. ಮನೆಯವರು ಹೇಗಿರುತ್ತಾರೋ ಹಾಗೇ ಇರಲಿ.

ಎರಡು ಕಡೆಯಿಂದಲೂ ಅಳೆಯಬೇಕಾದ್ದರಿಂದ ನಾನು ಮೊದಲು ಚಂಪಕ್ಕನ ಮನೆಗೆ, ಆಮೇಲೆ ಬೀದಿ ಸುತ್ತಿ ಇಂದುಮತಿಯ ಮನೆಗೆ ಹೋಗುತ್ತಿದ್ದೆ. ಚಂಪಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬರುತ್ತಿದ್ದಳು. ನಾನು ಅಳೆದು ಮುಗಿಸುವ ತನಕ ತುಟಿಯಲ್ಲಿ ದಾರ ಕಚ್ಚಿಕೊಂಡು ನಿಂತಿದ್ದು, "ಎಷ್ಟ ಉಳದೈತಿ, ನೀಲವ್ವ?" ಎಂದು ಕೇಳುತ್ತಿದ್ದಳು. ಹೇಳುತ್ತಿದ್ದೆ. ಬೀದಿ ಸುತ್ತಿ ಆಚೆ ಹೋದರೆ ಇಂದುಮತಿ ಸಮವಸ್ತ್ರದಲ್ಲೇ ಚಹಾ ಕುಡಿಯುತ್ತಿರುತ್ತಿದ್ದಳು. ಅವಳು ಬಾಗಿಲಿನ ಮಾತೆತ್ತುತ್ತಿರಲಿಲ್ಲ. ಅಕ್ಕ ಬಿಪಿ ಗುಳಿಗೆ ತಗೊಳ್ತಾಳಂತೇನು, ಕಾಲು ಬಾತಿವೆಯೇನು ಎಂದು ಯಾರೋ ರೋಗಿಯ ಬಗ್ಗೆ ವಿಚಾರಿಸುವಂತೆ ಕೇಳುತ್ತಿದ್ದಳು. ನನಗೆ ಕಂಡದ್ದನ್ನು ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ವಿಜ್ಞಾನದ ಕಣ್ಣಿನಿಂದ ನೋಡಿದರೆ ಆ ಬಾಗಿಲು ಚಿನ್ನದಂಥದು. ಕಲ್ಲು ಒಂದೇ ಲಯದಲ್ಲಿ, ಎಲ್ಲೂ ತಡೆಯದೆ, ಹಾಲು ಕೆನೆಗಟ್ಟುವಂತೆ ಬೆಳೆಯುತ್ತಿತ್ತು. ನಾನು ಕಳಿಸಿದ ಅಂಕಿಗಳನ್ನು ಹಿಡಿದುಕೊಂಡು ಒಂದು ದೇಶದವರು ಲೆಕ್ಕ ಕಟ್ಟಿದರು, ಇನ್ನೊಂದು ದೇಶದವರು ಸುಣ್ಣದೊಳಗಿನ ಜೀವಾಣುಗಳನ್ನು ಹುಡುಕಿದರು. ಜನರ ಓಡಾಟ ನಿಂತ ಮೇಲೆ ಕಲ್ಲು ಇಷ್ಟು ವೇಗದಲ್ಲಿ ಕೂಡುತ್ತದೆ ಎಂದು ಹೇಳುವ ಒಂದು ಸೂತ್ರ ಮೆಲ್ಲಗೆ ರೂಪ ತಳೆಯಿತು. ನಮ್ಮ ವಿಶ್ವವಿದ್ಯಾಲಯದ ಹೆಸರು ನಾವು ಕಾಣದ ಊರುಗಳ ಸಭೆಗಳಲ್ಲಿ ಕೇಳಿಬರತೊಡಗಿತು. ನಾನು ಇದೇ ಊರಿನವಳು. ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ನಾನೇ ಹೋಗಿ ಒಬ್ಬರ ಕೈ ಹಿಡಿದು ಇನ್ನೊಬ್ಬರ ಕಡೆ ದಾಟಿಸುತ್ತಿದ್ದೆ. ಇಲ್ಲಿ ಮಾತ್ರ ಅಳತೆ ಬರೆದುಕೊಂಡು ಮನೆಗೆ ಬರುತ್ತಿದ್ದೆ.

ಯೋಜನೆಯ ನಡುಹಂತದ ಪರಿಶೀಲನಾ ಸಭೆ ನಮ್ಮಲ್ಲೇ ಎಂದು ಗೊತ್ತಾಯಿತು. ಪಾಲುದಾರರೆಲ್ಲ ಬಂದಿಳಿದರು. ಅವರಲ್ಲಿ ಇಲ್ಜೆ ಎಂಬವಳು ಲಾಟ್ವಿಯಾದವಳು. ಅವಳ ಊರಿನ ಹಳೆಯ ಕಲ್ಲುಸೇತುವೆ ಬಿರುಕು ಬಿಟ್ಟು, ಈಗ ಅದರ ಮೇಲೆ ಯಾರನ್ನೂ ಬಿಡುವುದಿಲ್ಲವಂತೆ. ಅವಳ ಶಾಲೆ ನದಿಯ ಆಚೆ ದಡದಲ್ಲಿತ್ತು. ದಿನಾ ಅಜ್ಜನ ಜೊತೆ ಆ ಸೇತುವೆ ದಾಟಿ ಹೋಗುತ್ತಿದ್ದಳು. ಪತ್ರವ್ಯವಹಾರದಲ್ಲಿ ಬರಿಯ ಅಂಕಿ ಕೇಳುವವಳು ಎದುರಿಗೆ ಸಿಕ್ಕಾಗ ಮೊದಲು ಮಾತಾಡಿದ್ದು ಅಜ್ಜನ ಬಗ್ಗೆ. ಸಭೆಯ ಹಿಂದಿನ ದಿನ ಅವಳು ಬಾಗಿಲನ್ನು ನೋಡಬೇಕು ಎಂದಳು. ಕರೆದುಕೊಂಡು ಹೋದೆ.

ಆಗ ಬಾಗಿಲು ಒಂದು ತೋಳು ತೂರುವಷ್ಟು ಮಾತ್ರ ಉಳಿದಿತ್ತು. ಆಚೆ ಇಂದುಮತಿಯ ಅಡುಗೆಮನೆಯ ಕಿಟಕಿಯ ಬೆಳಕು ಒಂದು ಪಟ್ಟಿಯಾಗಿ ಕಾಣುತ್ತಿತ್ತು. ಇಲ್ಜೆ ಬಹಳ ಹೊತ್ತು ಕಲ್ಲನ್ನು ಮುಟ್ಟದೆ ನೋಡಿದಳು. ಆಮೇಲೆ ಚಂಪಕ್ಕನನ್ನು ಒಂದು ಮಾತು ಕೇಳಬಹುದೇ ಎಂದಳು. ನಿಯಮದಲ್ಲಿ ಮನೆಯವರನ್ನು ಪ್ರಶ್ನೆ ಕೇಳಬಾರದು ಎಂದೇನೂ ಇರಲಿಲ್ಲ, ನಮಗೆ ಕೇಳಲು ಹೊಳೆದಿರಲಿಲ್ಲ. ಮುಚ್ಚಿಕೊಳ್ಳುತ್ತಿದೆ ಎಂದು ಗೊತ್ತಿದ್ದೂ ನೀವು ಇದನ್ನು ಯಾಕೆ ದಾಟಲಿಲ್ಲ ಎಂದು ಅವಳು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ.

ಚಂಪಕ್ಕ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನೀವಽ ಬ್ಯಾಡ ಅಂದಿದ್ರಲ್ಲ," ಎಂದಳು.

ಯಾರು, ಯಾವಾಗ ಎಂದು ಕೇಳಿದೆ.

"ಸರ್ ಅಂದ್ರು. ಮೊಳಿ ಬಡದ ದಿನ. ನಾವು ಅಳಿಯೂತನಕ ಬಾಗಲದ ತಂಟೇಕ್ಕ ಹೋಗಬ್ಯಾಡ್ರಿ ಅಂದ್ರು. ದೊಡ್ಡವರು, ಮನಿತನಕ ಬಂದು ಕೇಳ್ಯಾರ. ಆಗಲ್ರಿ ಅಂದೆ. ಕೊಟ್ಟ ಮಾತು."

ಆ ದಿನ ನನಗೂ ನೆನಪಿತ್ತು. ಸರ್ ಹೇಳಿದ್ದು ಮೊಳೆಗಳ ಬಗ್ಗೆ. ಒರೆಸಲು, ಬಟ್ಟೆ ನೇತುಹಾಕಲು ಹೋಗಿ ಅಲುಗಾಡಿಸಿಬಿಟ್ಟಾರು ಎಂದು. ಅವಳು ಕೇಳಿಸಿಕೊಂಡದ್ದು ಬೇರೆ. ಹಾಗಾದರೆ ನಮ್ಮ ಮೊಳೆ ಇರದಿದ್ದರೆ ದಾಟುತ್ತಿದ್ದಳೇ ಎಂದು ಕೇಳಿದೆ. ಚಂಪಕ್ಕ ಮೊಳೆಗಳ ಕಡೆ ನೋಡಿದಳು. "ಗೊತ್ತಿಲ್ಲವ್ವ. ಉಗಾದಿಗೆ ಹೋಗಬೇಕಂತ ಹೋಳಿಗಿ ಮಾಡಿ ಇಟ್ಟಿದ್ದೆ. ಮೊಳಿ ನೋಡಿ ಹಿಂದಕ ಸರದೆ. ಒಂದ ರೀತಿ ಹಗರನೂ ಆತು. ನಾ ಹೋಗದಿದ್ದದ್ದು ನನ್ನ ಸಿಟ್ಟಲ್ಲ, ಸರ್ ಮಾತು ಅಂತ."

ಇಂದುಮತಿ ಡ್ಯೂಟಿಯ ಮೇಲಿದ್ದಳು. ನಾನು ಇಲ್ಜೆಯನ್ನು ಅತಿಥಿಗೃಹಕ್ಕೆ ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋದೆ. ಔಷಧದ ಕೋಣೆಯಲ್ಲಿ ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ ಅವಳನ್ನು ಅದೇ ಪ್ರಶ್ನೆ ಕೇಳಿದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಅದೇ ಉತ್ತರ ಕೊಟ್ಟಳು. ಸಂಶೋಧನೆ ಕೆಡಬಾರದು ಅಂದಿದ್ದರು, ನಾವೂ ಪರೀಕ್ಷೆ ಮಾಡುವ ಜನ, ನಮಗೆ ಅದು ಗೊತ್ತಾಗುತ್ತದೆ ಎಂದಳು. ಆಮೇಲೆ, ಅಕ್ಕನೂ ಹಾಗೇ ಅಂದಳಾ ಎಂದು ಕೇಳಿದಳು. ಹೌದು ಎಂದೆ. ಆ ಹೌದು ನಿಯಮದ ಆಚೆ ಹೋಯಿತು ಎಂದು ಗೊತ್ತಿದ್ದೇ ಹೇಳಿದೆ. ಇಂದುಮತಿ ಬೆನ್ನು ತಿರುಗಿಸಿ ನಿಂತಳು.

ಸಂಜೆ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಜಗಲಿಯ ಮೇಲೆ ಕೂತಿದ್ದರು. ಬರುವ ವರ್ಷ ಅವರ ನಿವೃತ್ತಿ. ನಾಳೆಯ ಸಭೆಯಲ್ಲಿ ಯೋಜನೆಯ ಮುಂದಿನ ಹಂತವನ್ನು ಮುನ್ನಡೆಸುವವರು ಯಾರು ಎಂದು ತೀರ್ಮಾನವಾಗುವುದಿತ್ತು, ಎಲ್ಲರ ಬಾಯಲ್ಲೂ ನಮ್ಮ ಹೆಸರೇ ಇತ್ತು. ಸರ್ ಮೊದಲು ನಂಬಲಿಲ್ಲ. ನಂಬಿದ ಮೇಲೆ, ಅದರಿಂದ ಕಲ್ಲಿಗೆ ಏನು ವ್ಯತ್ಯಾಸ ಎಂದು ವಾದಿಸಿದರು. ಜನ ಸಿಟ್ಟಿನಿಂದ ದಾಟದಿದ್ದರೂ ಅಷ್ಟೇ, ಮಾತಿಗೆ ಕಟ್ಟುಬಿದ್ದು ದಾಟದಿದ್ದರೂ ಅಷ್ಟೇ, ದಾಟಲಿಲ್ಲ ಎನ್ನುವುದು ಮುಖ್ಯ. ನನಗೂ ಒಂದು ಕ್ಷಣ ಅದು ಸರಿ ಅನ್ನಿಸಿತು. ಆದರೆ ನಮ್ಮ ಕಲ್ಲು ಹೊರಗಿನ ಪ್ರಯೋಗಶಾಲೆಗಳಲ್ಲಿ ಯಾಕೆ ಸುಮ್ಮನೆ ಕೂತಿತ್ತು ಎನ್ನುವುದೇ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಗೋಡೆಗೆ ಯಾವುದು ತಿಳಿಯುತ್ತದೆ, ಯಾವುದು ತಿಳಿಯುವುದಿಲ್ಲ ಎಂದು ಹೇಳಲು ನಾವು ಯಾರು? ಮನೆಯವರು ಹೇಗಿರುತ್ತಾರೋ ಹಾಗೇ ಇದ್ದರು ಎಂದು ನಾವು ಬರೆದುಕೊಟ್ಟಿದ್ದೆವು. ಅವರು ಹಾಗೆ ಇರಲಿಲ್ಲ.

ಸಭೆ ಮುಗಿದ ಮೇಲೆ ನೋಡೋಣ ಎಂದು ಸರ್ ಹೇಳಿದರು. ನಾನು, ನಾಳೆ ನನ್ನ ಸರದಿ ಬಂದಾಗ ಹೇಳಿಬಿಡುತ್ತೇನೆ ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಗದರಲಿಲ್ಲ. "ನಿನಗ ಹ್ಯಾಂಗ ತಿಳೀತದೋ ಹಾಂಗ ಮಾಡವ್ವ," ಎಂದು ಹೇಳಿ ಒಳಗೆ ಎದ್ದು ಹೋದರು.

ಮರುದಿನ ನಾನು ಅಂಕಿಗಳನ್ನೆಲ್ಲ ತೋರಿಸಿದೆ. ಆಮೇಲೆ ಅವು ಹೇಗೆ ಬಂದವು ಎಂದು ಹೇಳಿದೆ. ಲೆಕ್ಕ ಕಟ್ಟಿದವರು ತಮ್ಮ ಪರದೆಯ ಮೇಲಿನ ಗೆರೆಯನ್ನು ನೋಡುತ್ತ ಕೂತರು. ಅಧ್ಯಕ್ಷತೆ ವಹಿಸಿದ್ದವರು, ಹಾಗೆ ಹೇಳಿದ್ದು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಎದ್ದು ನಿಂತು, ಹೇಳಿದವನು ನಾನೇ, ನನ್ನ ಭಾಷೆಯಲ್ಲೇ ಹೇಳಿದೆ, ನನ್ನ ಊರಿನವರಿಗೇ ಹೇಳಿದೆ, ಆದರೂ ತಪ್ಪಾಗಿ ಮುಟ್ಟಿತು ಎಂದರು. ಕೂರುವಾಗ ಕುರ್ಚಿಯ ಹಿಡಿಯನ್ನು ಹುಡುಕಿ ಹಿಡಿದುಕೊಂಡರು.

ಮುಂದಿನ ಹಂತವನ್ನು ಮುನ್ನಡೆಸುವ ಹೊಣೆ ನಮಗೆ ಸಿಗಲಿಲ್ಲ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಯಿತು. ಕುಲಪತಿಗಳು ಹಲವು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಪಾಲುದಾರಿಕೆ ಮಾತ್ರ ಉಳಿಯಿತು. ಇಲ್ಜೆ ಹಟ ಹಿಡಿದು ಉಳಿಸಿದಳು ಎಂದು ಆಮೇಲೆ ಗೊತ್ತಾಯಿತು. ತನ್ನ ಸೇತುವೆಯನ್ನು ಇನ್ನೊಬ್ಬರು ಹೇಳಿದ ಅಂಕಿಯ ಮೇಲೆ ನಿಲ್ಲಿಸಬೇಕಾದರೆ ಆ ಇನ್ನೊಬ್ಬರು ಅಂಕಿ ಕೆಟ್ಟಾಗ ಕೆಟ್ಟಿತು ಎನ್ನುವವರಾಗಿರಬೇಕು ಎಂದು ಅವಳು ವಾದಿಸಿದಳಂತೆ. ಈಗ ನಾವು ಕೇಳುತ್ತಿರುವ ಪ್ರಶ್ನೆ ಬೇರೆ: ಬಾಗಿಲನ್ನು ಬಳಸುವುದು ಎಂದರೆ ಗೋಡೆಯ ಪಾಲಿಗೆ ಏನು? ಉತ್ತರ ಸಿಕ್ಕಿಲ್ಲ. ಆ ಪ್ರಶ್ನೆ ನನಗೆ ಹುಟ್ಟಿದ್ದು ಸಭೆಯ ದಿನ ಮಧ್ಯಾಹ್ನ.

ಊಟಕ್ಕೆ ಎದ್ದಾಗ ಸರ್ ನನ್ನ ಹತ್ತಿರ ಬಂದು, ಚಂಪವ್ವನ ಮನೆಗೆ ಹೋಗಿ ಬರೋಣ ನಡಿ ಎಂದರು. ಅತಿಥಿಗಳು ಎಲೆಯ ಮುಂದೆ ಕೂತಿದ್ದರು. ನಾವಿಬ್ಬರೂ ಉಣ್ಣದೆ ಬಿಸಿಲಿನಲ್ಲಿ ನಡೆದುಕೊಂಡು ಹೋದೆವು. ಚಂಪಕ್ಕ ಸರ್ ಬಂದದ್ದನ್ನು ಕಂಡು ಗಾಬರಿಯಾಗಿ ತಲೆಯ ಮೇಲೆ ಸೆರಗು ಹೊದ್ದಳು. ಸರ್ ಕೂರಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ಆ ಸೀಳಿನ ಮುಂದೆ ನಿಂತರು. ಆಚೆ ಪಾತ್ರೆಯ ಸದ್ದಿತ್ತು. ಆ ದಿನ ಇಂದುಮತಿ ರಜೆ ಹಾಕಿದ್ದಳು.

ಎರಡೂ ಕಡೆ ಕೇಳುವಂತೆ ಸರ್ ಮಾತಾಡಿದರು. ತಾವು ಮೊಳೆಗಳ ಬಗ್ಗೆ ಹೇಳಿದ್ದು, ದಾಟುವುದರ ಬಗ್ಗೆ ಅಲ್ಲ ಎಂದರು. ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ಆ ಮಾತಿಗೆ ಇನ್ನು ಕಟ್ಟುಬೀಳುವುದು ಬೇಡ. ಬೇಕಾದರೆ ನಾವೇ ಕಲ್ಲುಕುಟಿಗರನ್ನು ಕರೆಸುತ್ತೇವೆ ಎಂದರು. ಹೇಳುತ್ತಲೇ ಅವರು ಬಗ್ಗಿ ಒಂದು ಮೊಳೆಯನ್ನು ಕೀಳಲು ನೋಡಿದರು. ಕಲ್ಲು ಅದರ ಸುತ್ತ ಬೆಳೆದುಬಿಟ್ಟಿತ್ತು, ಬರಲಿಲ್ಲ.

"ಇರ್ಲಿ ಬಿಡ್ರಿ ಸರ್," ಎಂದಳು ಚಂಪಕ್ಕ. "ಕಡಸೂದು ಬ್ಯಾಡ."

ಆಚೆ ಪಾತ್ರೆಯ ಸದ್ದು ನಿಂತಿತ್ತು. ಬೆಳಕಿನ ಪಟ್ಟಿಗೆ ನೆರಳು ಅಡ್ಡ ಬಂತು. ಇಂದುಮತಿ ಕಲ್ಲಿಗೆ ತಾಗಿ ನಿಂತಿದ್ದಾಳೆ ಎಂದು ತಿಳಿಯುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಅಕ್ಕಾ, ಇನ್ನ ನಾವು ತೂರಂಗಿಲ್ಲ ಇದರಾಗ," ಎಂದಳು.

"ಇಲ್ಲ," ಎಂದಳು ಚಂಪಕ್ಕ.

ಸರ್ ನನ್ನ ಕಡೆ ನೋಡಿದರು. ನಾವು ಹೊರಡಬೇಕಿತ್ತು, ಹೊರಡಲಿಲ್ಲ. ಚಂಪಕ್ಕ ಗೋಡೆಗೆ ಒರಗಿ, ಯಾರನ್ನೂ ನೋಡದೆ, ಹೊಲಿಗೆ ಬಿಚ್ಚುವವರಂತೆ ನಿಧಾನವಾಗಿ ಹೇಳಿದಳು. ತಾಯಿ ಕೊನೆಗೆ ಇಂದೂನ್ನ ಕರೆ ಎಂದಿದ್ದಳಂತೆ. ಬೀದಿಗೆ ಹೋಗಿ ಯಾರನ್ನಾದರೂ ಆಸ್ಪತ್ರೆಗೆ ಓಡಿಸಲು ಚಂಪಕ್ಕ ಎದ್ದಳಂತೆ. ಬೀದಿಬಾಗಿಲ ತನಕ ಹೋದವಳು, ತಾನು ಹೊರಗೆ ಹೋದಾಗಲೇ ಜೀವ ಹೋದರೆ ಅವ್ವ ಒಬ್ಬಳೇ ಆಗುತ್ತಾಳೆ ಎಂದು ತಿರುಗಿ ಬಂದು ಕೈ ಹಿಡಿದು ಕೂತಳಂತೆ. "ಎದ್ದು ಹೋಗಿದ್ರ ನೀ ಬರ್ತಿದ್ದಿ. ಹೋಗಲಿಲ್ಲ. ಇದನ್ನ ಹೇಳಾಕ ಬಾಯಿ ಬರಲಿಲ್ಲ ನನಗ."

ಇಂದುಮತಿ ಅಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಆ ಸೀಳಿನೊಳಗಿಂದ ಒಂದು ಕೈ ಈಚೆ ಬಂತು, ಮೊಣಕೈಯವರೆಗೆ. ಗಾಳಿಯಲ್ಲಿ ತಡಕಾಡಿತು. ಚಂಪಕ್ಕ ಆ ಕೈಗೆ ತನ್ನ ಕೈ ಕೊಟ್ಟಳು. ಇಂದುಮತಿಯ ಬೆರಳುಗಳು ಅಂಗೈಯಲ್ಲಿ ನಿಲ್ಲದೆ ಮುಂದೆ ಸರಿದು ಅಕ್ಕನ ಮಣಿಕಟ್ಟಿನ ಒಳಬದಿಗೆ ಹೋದವು, ನಾಡಿ ಸಿಕ್ಕ ಕೂಡಲೇ ಅಲ್ಲೇ ಕೂತವು. ಚಂಪಕ್ಕ ಅಲುಗಾಡದೆ ನಿಂತಳು. ನಾನೂ ಸರ್ ಅವರೂ ಆ ಎಣಿಕೆ ಮುಗಿಯುವುದನ್ನೇ ಕಾದೆವು.

"ಗುಳಿಗಿ ಬಿಟ್ಟೀ ಹೌದಿಲ್ಲೋ?" ಎಂದು ಗೋಡೆಯಾಚೆಯಿಂದ ಕೇಳಿತು.

"ಬಿಟ್ಟೀನಿ," ಎಂದಳು ಚಂಪಕ್ಕ.

"ಊಟ?"

"ಇನ್ನೂ ಇಲ್ಲ."

"ಕೈ ತಗೀಬ್ಯಾಡ," ಎಂದಳು ಇಂದುಮತಿ. "ಇನ್ನೊಮ್ಮೆ ಎಣಸ್ತೀನಿ."